ನ್ಯೂಯಾರ್ಕ್ ಇನ್ನೂ ಕೆಂಪಾಗಿತ್ತು

‘ಬಾವುಟದೊಳಗಿಂದ ಉದುರುತ್ತಿರುವ ಆ ಗುಲಾಬಿ ಬಣ್ಣದ ಚೂರುಗಳು ಏನು?’

ನಮ್ಮ ಪಾಠ ಮೊದಲ ಸಲ ತಿರಸ್ಕೃತವಾಗಿ ವಾಪಸ್ ಬಂದಾಗ ಜೊತೆಗಿದ್ದ ಮೊದಲ ಪ್ರಶ್ನೆ ಇದು. ಕೇಳಿದವರು ಅಮೆರಿಕದ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಹೆಂಗಸು. ನಾವು ಗುರುಗ್ರಾಮದ ಆಫೀಸಿನಲ್ಲಿ ಕೂತು ಮಾಡುವ ಪಾಠಗಳನ್ನು ಪರಿಶೀಲಿಸಲು ಅಲ್ಲಿನ ಗ್ರಾಹಕ ಕಂಪನಿ ಅವರನ್ನು ನೇಮಿಸಿತ್ತು. ಈ ಪಾಠ ಅಲ್ಲಿಯ ಎಂಟನೇ ತರಗತಿಯದು. ಬ್ರಿಟಿಷರ ವಿರುದ್ಧ ಅಮೆರಿಕದ ವಸಾಹತುಗಳು ನಡೆಸಿದ ಸ್ವಾತಂತ್ರ್ಯ ಯುದ್ಧವನ್ನು ಅಲ್ಲಿಯವರು ಹೇಗೆ ಗೆದ್ದರು, ಅದು ಹೇಗೆ ಮುಗಿಯಿತು ಎಂಬುದನ್ನು ಚಲಿಸುವ ನಕ್ಷೆಯಲ್ಲಿ ತೋರಿಸಬೇಕಿತ್ತು. ಬರವಣಿಗೆ ನನ್ನದು, ನಕ್ಷೆ ನಮ್ಮ ಆಫೀಸಿನಲ್ಲಿ ಅದನ್ನು ಬಿಡಿಸುವ ಒಬ್ಬರದು, ಅವರನ್ನು ನಕ್ಷೆಯವರು ಎನ್ನೋಣ.

ಗುಲಾಬಿ ಚೂರುಗಳು ಹೂವಿನ ದಳಗಳು. ಆಗಸ್ಟ್ ಹದಿನೈದಕ್ಕೆ ಬಾವುಟದ ಮಡಿಕೆಯೊಳಗೆ ದಳ ತುಂಬಿ ಕಟ್ಟಿ, ಹಗ್ಗ ಎಳೆದಾಗ ಗಣ್ಯರ ತಲೆಯ ಮೇಲೆ ಸುರಿಯುವ ಹಾಗೆ ಮಾಡುತ್ತೇವಲ್ಲ, ಅವೇ. ನಕ್ಷೆಯವರು ಹಿಂದಿನ ವರ್ಷ ನಮ್ಮದೇ ಸ್ವಾತಂತ್ರ್ಯ ಹೋರಾಟದ ಬಗ್ಗೆ ಮಾಡಿದ್ದ ಪಾಠದ ಚೌಕಟ್ಟನ್ನು ಎತ್ತಿ ತಂದು, ಭಾರತ ತೆಗೆದು ಅಮೆರಿಕ ಕೂರಿಸಿದ್ದರು. ಬಾವುಟ ಬದಲಾಗಿತ್ತು, ದಳಗಳು ಹಾಗೇ ಉಳಿದಿದ್ದವು. ಅವು ಉದುರುವುದನ್ನು ನಾನೂ ನೋಡಿ ಒಪ್ಪಿಗೆ ಕೊಟ್ಟಿದ್ದೆ. ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಎರಡನೇ ಪ್ರಶ್ನೆ ನಗುವಂಥದ್ದಲ್ಲ. ‘ನಿಮ್ಮ ಪಾಠದಲ್ಲಿ ಅಮೆರಿಕದ ಬಾವುಟ ಕೊನೆಯ ನಿಮಿಷದಲ್ಲಿ ಏರುತ್ತದೆ. ಹಾಗಾದರೆ ಅಲ್ಲಿಯವರೆಗೆ ಅವರು ಯಾವ ದೇಶದ ಪರವಾಗಿ ಹೋರಾಡಿದರು?’

ಅವರು 1776ರಲ್ಲಿಯೇ ತಾವು ಸ್ವತಂತ್ರರು ಎಂದು ಘೋಷಿಸಿಕೊಂಡು, ಆಮೇಲೆ ವರ್ಷಗಟ್ಟಲೆ ಯುದ್ಧ ಮಾಡಿದವರು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಬರೆದೂ ಇದ್ದೆ. ಆದರೂ ನಕ್ಷೆ ನೋಡುವಾಗ ಕಣ್ಣಿಗೆ ಬೀಳಲಿಲ್ಲ. ಸ್ವಾತಂತ್ರ್ಯ ಎನ್ನುವುದು ಕಥೆಯ ಕೊನೆಗೆ ಬರುತ್ತದೆ, ಒಂದು ದಿನ ಒಂದು ಬಾವುಟ ಇಳಿದು ಇನ್ನೊಂದು ಏರುತ್ತದೆ ಎಂಬುದು ಶಾಲೆಯ ಮೈದಾನದಲ್ಲಿ ಬಿಸಿಲಿಗೆ ನಿಂತಾಗಿನಿಂದ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹರಿಯಾಣದ ರೇವಾಡಿಯಿಂದ ಬಂದ ನಕ್ಷೆಯವರಿಗೂ ಹಾಗೆಯೇ, ರಾಣೆಬೆನ್ನೂರಿನ ನನಗೂ ಹಾಗೆಯೇ. ನನಗೆ ನನ್ನ ಮೇಲೇ ಸಿಟ್ಟು ಬಂತು.

ನಮ್ಮ ಪ್ರಾಜೆಕ್ಟ್ ಹೆಡ್ ನನ್ನನ್ನೂ ನಕ್ಷೆಯವರನ್ನೂ ಕ್ಯಾಬಿನ್ನಿಗೆ ಕರೆದರು. ಅವರು ಮೈಸೂರಿನವರು, ದೆಹಲಿಗೆ ಬಂದು ಬಹಳ ಕಾಲವಾಗಿದೆ. ಅವರಿಗೊಂದು ಅಭ್ಯಾಸ. ಮೀಟಿಂಗಿನಲ್ಲಿ ಹಿಂದಿ, ಇಂಗ್ಲಿಷ್ ಮಾತಾಡುತ್ತಾ ಇದ್ದವರು, ಎದುರಿಗಿರುವವರಿಗೆ ತಿಳಿಯಬಾರದ್ದು ಏನಾದರೂ ಇದ್ದರೆ ಮುಖದ ನಗು ಬದಲಾಯಿಸದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಇದು ಇಲ್ಲಿಯ ಕನ್ನಡಿಗರಿಗೆಲ್ಲ ಇರುವ ಚಟವೇ. ನಾನೂ ಹಣ್ಣಿನ ಗಾಡಿಯ ಭಯ್ಯಾನ ಮುಂದೆ ನಿಂತು ಗಂಡನಿಗೆ ‘ಜಾಸ್ತಿ ಹೇಳ್ತಿದಾನೆ, ನಡೀರಿ’ ಎನ್ನುತ್ತೇನೆ. ಮನೆ ಮಾಲೀಕರ ಮುಂದೆಯೂ ಹಾಗೆಯೇ. ಊರಿನಿಂದ ಇಷ್ಟು ದೂರ ಬಂದಿದ್ದಕ್ಕೆ ಸಿಕ್ಕ ಸಣ್ಣ ಅನುಕೂಲ ಅದು, ಬಿಡಲು ಮನಸ್ಸಾಗುವುದಿಲ್ಲ.

ಅವತ್ತು ಅವರು ಮೊದಲು ನಕ್ಷೆಯವರಿಗೆ ಹಿಂದಿಯಲ್ಲಿ ‘ಪರವಾಗಿಲ್ಲ, ಆಗ್ತದೆ, ಸರಿ ಮಾಡಿ’ ಎಂದರು. ಆಮೇಲೆ ನನಗೆ ಕನ್ನಡದಲ್ಲಿ, “ನೋಡಮ್ಮ, ಮೂರು ಸಲ ವಾಪಸ್ ಬಂದ್ರೆ ಇಡೀ ಸರಣಿ ಬೇರೆ ಕಡೆ ಹೋಗತ್ತೆ. ಇವರ ಕೆಲಸವನ್ನ ಈಗ ಸಾಫ್ಟ್‌ವೇರೇ ಮಾಡತ್ತೆ ಅಂತ ಮೇಲಿನವರು ನನ್ನ ತಲೆ ತಿಂತಿದಾರೆ. ಇದೊಂದು ಪಾಸ್ ಆಗ್ಲಿ, ಇವರನ್ನ ನಾನು ಇಟ್ಕೊಳ್ತೀನಿ. ನೀನು ಕೂತು ಮಾಡಿಸು” ಎಂದರು.

ನಕ್ಷೆಯವರು ನಮ್ಮಿಬ್ಬರ ಮುಖವನ್ನೂ ನೋಡಿ ನಕ್ಕರು. ಹೊರಗೆ ಬಂದ ಮೇಲೆ, “ಮೇಡಂಜೀ, ಸರ್ ಏನಂದ್ರು?” ಎಂದು ಕೇಳಿದರು. ಅವರ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

“ಬೇಗ ಮುಗಿಸಿ ಅಂದ್ರು,” ಎಂದೆ.

ಈ ನಕ್ಷೆಯವರ ಬಗ್ಗೆ ಹೇಳಬೇಕು. ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಭಾಯಿಸಾಬ್ ಎನ್ನುತ್ತಿದ್ದೆ. ಕೈ ಚೆನ್ನಾಗಿತ್ತು, ಆದರೆ ಮೈ ಬಗ್ಗುತ್ತಿರಲಿಲ್ಲ. ಏನು ತಿದ್ದಬೇಕೆಂದರೂ ಮೊದಲ ಉತ್ತರ ‘ಆಗಲ್ಲ’. ಎರಡನೇ ಉತ್ತರ, ಚಹಾ ಕುಡಿದು ಬಂದ ಮೇಲೆ, ‘ನೋಡೋಣ’. ಆ ವರ್ಷ ಅವರ ಮಗಳು ಹನ್ನೆರಡನೇ ತರಗತಿ. ಕೆಲಸ ಹೋದರೆ ಗುರುಗ್ರಾಮದ ಬಾಡಿಗೆ ಮನೆ ಬಿಟ್ಟು ರೇವಾಡಿಗೆ ಹಿಂತಿರುಗಬೇಕು, ಹುಡುಗಿಯ ಶಾಲೆ ನಡುವರ್ಷದಲ್ಲಿ ತಪ್ಪುತ್ತದೆ ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರು ‘ಆಗಲ್ಲ’ ಎನ್ನುವುದನ್ನು ಬಿಟ್ಟಿರಲಿಲ್ಲ.

ಎರಡನೇ ಆವೃತ್ತಿಯಲ್ಲಿ ದಳಗಳು ಹೋದವು, ಬಾವುಟ ಮೊದಲಿಗೆ ಬಂತು. ಕೊನೆಯ ಭಾಗವನ್ನು ಯಾರ್ಕ್‌ಟೌನಿಗೆ ಮೀಸಲಿಟ್ಟೆವು. 1781ರಲ್ಲಿ ಬ್ರಿಟಿಷರ ಒಂದು ಇಡೀ ಸೈನ್ಯ ಅಲ್ಲಿ ಸಿಕ್ಕಿಬಿದ್ದು ಶರಣಾಯಿತು. ನೆಲದ ಮೇಲೆ ಅಮೆರಿಕದವರ ಮತ್ತು ಫ್ರೆಂಚರ ಸೈನ್ಯ, ಸಮುದ್ರದ ಬಾಯಿಗೆ ಅಡ್ಡವಾಗಿ ಫ್ರೆಂಚರ ಹಡಗುಗಳು, ನಡುವೆ ಬ್ರಿಟಿಷರು. ನೀಲಿ ಬಾಣಗಳು ಎರಡು ಕಡೆಯಿಂದ ಬಂದು ಬ್ರಿಟಿಷರ ಕೆಂಪನ್ನು ಒತ್ತುವುದನ್ನು ಭಾಯಿಸಾಬ್ ಬಹಳ ಸೊಗಸಾಗಿ ಮಾಡಿದ್ದರು. ಶರಣಾದ ಕೂಡಲೇ ನಕ್ಷೆಯ ಮೇಲಿನ ಕೆಂಪೆಲ್ಲ ಕರಗಿ ಹೋಗುತ್ತಿತ್ತು. ನೋಡಿ ನನಗೇ ರೋಮಾಂಚನವಾಯಿತು.

ಸಂಜೆಯ ವಿಡಿಯೋ ಕರೆಯಲ್ಲಿ ಪರಿಶೀಲಕಿ ಅದನ್ನು ಪೂರ್ತಿ ನೋಡಿ, ಕನ್ನಡಕ ತೆಗೆದರು. ಅವರಿಗೆ ಆಗ ಬೆಳಿಗ್ಗೆ.

“ಚೆನ್ನಾಗಿದೆ. ಆದರೆ ನ್ಯೂಯಾರ್ಕಿನಲ್ಲಿ ಇದ್ದ ಬ್ರಿಟಿಷ್ ಸೈನ್ಯ ಎಲ್ಲಿ ಹೋಯಿತು?”

ನಾನು ನಕ್ಷೆಯನ್ನು ಹಿಂದಕ್ಕೆ ಓಡಿಸಿ ನ್ಯೂಯಾರ್ಕ್ ಹುಡುಕಿದೆ.

“ಯಾರ್ಕ್‌ಟೌನ್ ಆದಮೇಲೆ ಎರಡು ವರ್ಷ ಅವರು ನ್ಯೂಯಾರ್ಕ್ ಬಿಡಲಿಲ್ಲ. ಚಾರ್ಲ್ಸ್‌ಟನ್, ಸವಾನ್ನಾ ಬಂದರುಗಳೂ ಆಗ ಅವರ ಕೈಯಲ್ಲೇ ಇದ್ದವು. ನಿಮ್ಮ ನಕ್ಷೆಯಲ್ಲಿ ಅವರೆಲ್ಲ ಹಬೆಯಾಗಿ ಹೋದರು. ಮಕ್ಕಳು ಕೇಳಿದರೆ ನಾನು ಏನು ಹೇಳಲಿ?”

ಎರಡನೇ ಸಲವೂ ತಿರಸ್ಕೃತ. ಈ ಸಲ ಕಾರಣ ಅಜ್ಞಾನವಲ್ಲ, ನಕ್ಷೆಯ ಪದರ, ಅಂದರೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಡುವ ಹಾಳೆ. ಭಾಯಿಸಾಬ್ ಬ್ರಿಟಿಷರ ವಶದಲ್ಲಿದ್ದ ಊರುಗಳನ್ನೆಲ್ಲ ಒಂದೇ ಪದರದಲ್ಲಿ ಬಣ್ಣ ಹಚ್ಚಿದ್ದರು. ಆ ಪದರವನ್ನು ಮಸುಕುಗೊಳಿಸಿದರೆ ಎಲ್ಲ ಊರುಗಳೂ ಒಟ್ಟಿಗೇ ಬಿಡುಗಡೆಯಾಗುತ್ತವೆ. ನ್ಯೂಯಾರ್ಕನ್ನು ಕೆಂಪಾಗಿ ಉಳಿಸಬೇಕೆಂದರೆ ಪ್ರತಿ ಊರಿಗೂ ಬೇರೆ ಪದರ ಮಾಡಿ, ಪಾಠದ ಆರಂಭದಿಂದ ಎಲ್ಲ ಬಾಣಗಳನ್ನೂ ಹೊಸದಾಗಿ ಕಟ್ಟಬೇಕಿತ್ತು.

ಹೆಡ್ ಒಂದು ಸುಲಭದ ದಾರಿ ಹೇಳಿದರು. “ಎರಡು ಸಾಲು ಧ್ವನಿ ಸೇರಿಸಿಬಿಡಮ್ಮ. ಆಮೇಲೆ ಒಪ್ಪಂದ ಆಯ್ತು, ಬ್ರಿಟಿಷರು ಹೋದ್ರು ಅಂತ. ಯಾರು ನೋಡ್ತಾರೆ?”

ಯಾರು ನೋಡುತ್ತಾರೆಂದು ಇಷ್ಟರಲ್ಲಿ ಅವರಿಗೆ ಗೊತ್ತಾಗಬೇಕಿತ್ತು. ಆದರೂ ಮಾಡಿ ನೋಡಿದೆ. ಧ್ವನಿ ‘ನ್ಯೂಯಾರ್ಕಿನಲ್ಲಿ ಬ್ರಿಟಿಷರು ಇನ್ನೂ ಇದ್ದರು’ ಎನ್ನುತ್ತದೆ, ನಕ್ಷೆಯಲ್ಲಿ ನ್ಯೂಯಾರ್ಕ್ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತದೆ. ನಾಚಿಕೆಗೇಡು. ನಾನು ಅದನ್ನು ಅಳಿಸಿ ಭಾಯಿಸಾಬರ ಮೇಜಿನ ಹತ್ತಿರ ಹೋದೆ.

“ಪದರ ಬೇರೆ ಮಾಡಬೇಕು.”

“ಆಗಲ್ಲ ಮೇಡಂಜೀ. ಒಂದು ಬಾಣ ತಿರುಗಿಸಿದ್ರೆ ಹತ್ತು ಬಾಣ ಕಳಚಿ ಬೀಳ್ತವೆ. ಸೋತವರು ಸೋತರು, ಇನ್ನೆರಡು ವರ್ಷ ಅಲ್ಲಿ ಕೂತು ಏನು ಮಾಡ್ತಿದ್ರು? ಪಾಠಕ್ಕೆ ಅದು ಯಾಕೆ ಬೇಕು?”

“ಅವರು ಪೂರ್ತಿ ಸೋತಿರಲಿಲ್ಲ, ಅದಕ್ಕೇ ಬೇಕು.”

“ಹಾಗಾದ್ರೆ ಇವರು ಗೆದ್ದಿದ್ದು ಹೇಗೆ?”

ಉತ್ತರ ಇಲ್ಲದ್ದಕ್ಕೂ, ಅವರು ಹೆಡ್‌ಫೋನ್ ಏರಿಸಿಕೊಂಡಿದ್ದಕ್ಕೂ ಸೇರಿ ತಲೆ ಕೆಟ್ಟಿತು. ಹೆಡ್‌ಫೋನ್ ತೆಗೆಯಿರಿ ಎಂದು ಗದರಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಆಗ ನಾನು ಕನ್ನಡದಲ್ಲಿ ಕೇಳಿದ್ದ ಮಾತನ್ನು ಹಿಂದಿಯಲ್ಲಿ ಹೇಳಿಬಿಟ್ಟೆ. “ಭಾಯಿಸಾಬ್, ಇದು ಪಾಸಾದ್ರೆ ನಿಮ್ಮನ್ನ ಉಳಿಸ್ಕೊಳ್ತಾರೆ. ಸರ್ ನನಗೆ ಮಾತು ಕೊಟ್ಟಿದಾರೆ. ಪಾಸಾಗದಿದ್ರೆ ಉಳಿಸ್ಕೊಳ್ಳಲ್ಲ. ಇಷ್ಟೇ ವಿಷಯ.”

ಅವರು ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟರು. “ಅಚ್ಛಾ. ನೀವು ಹೇಳ್ತಿದೀರಿ ಅಂದ್ರೆ ಮಾಡ್ತೀನಿ,” ಎಂದರು. ಚಹಾಕ್ಕೂ ಎದ್ದು ಹೋಗಲಿಲ್ಲ.

ಹಾಗಂತ ಕೆಲಸ ಮುಂದೆ ಹೋಯಿತೆಂದಲ್ಲ. ಪದರಗಳು ಬೇರೆಯಾದವು, ಆದರೆ ಕಥೆ ಕೂಡಿಬರಲಿಲ್ಲ. ಯಾರ್ಕ್‌ಟೌನಿನವರೆಗೆ ಡೋಲು ಬಾರಿಸಿಕೊಂಡು ಬಂದ ಪಾಠ ಅಲ್ಲಿಂದ ಮುಂದೆ ಕಾಲೆಳೆಯುತ್ತಿತ್ತು. ಗೆಲುವು ತೋರಿಸಿಯಾದ ಮೇಲೆ ಎರಡು ವರ್ಷದ ಕೆಂಪು ಬಣ್ಣವನ್ನು ಯಾವ ಮುಖ ಇಟ್ಟುಕೊಂಡು ತೋರಿಸುವುದು? ನಾಲ್ಕು ಸಲ ಬರೆದೆ, ನಾಲ್ಕೂ ಸಲ ಅದು ಮದುವೆ ಊಟ ಮುಗಿದ ಮೇಲೆ ಪಾತ್ರೆ ತೊಳೆಯುವ ದೃಶ್ಯದಂತೆ ಕಂಡಿತು.

ಭಾನುವಾರ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಇಟ್ಟುಕೊಂಡು ನಾನು ಗೊಣಗುತ್ತಿದ್ದುದನ್ನು ಕೇಳಿಸಿಕೊಂಡು ನನ್ನ ಗಂಡ ಬಂದು ಪಕ್ಕದಲ್ಲಿ ಕೂತರು. ಅವರು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದಾರೆ. ಇತಿಹಾಸ ಎಂದರೆ ಆಕಳಿಸುವವರು.

“ನಮ್ಮಲ್ಲಿ ಮಾಲು ವಾಪಸ್ ಬಂದ್ರೆ ನಾವು ಮೊದಲ ಮೆಷಿನ್ನಿಂದ ಹುಡುಕಲ್ಲ ಕಣೇ,” ಎಂದರು. “ಗೇಟಿಂದ ಹೊರಗೆ ಹೋದ ಲಾರಿಯಿಂದ ಹಿಂದಕ್ಕೆ ಬರ್ತೀವಿ. ಲಾರಿಗೆ ಯಾರು ತುಂಬಿದ್ರು, ಅದಕ್ಕೆ ಮುಂಚೆ ಯಾರು ಪಾಸ್ ಮಾಡಿದ್ರು, ಅದಕ್ಕೆ ಮುಂಚೆ ಎಲ್ಲಿತ್ತು. ಮುಂದಿನಿಂದ ಶುರು ಮಾಡಿದ್ರೆ ಎಲ್ಲಾ ಸರಿಯಾಗೇ ಇದೆ ಅನ್ಸತ್ತೆ.”

“ಇಲ್ಲಿ ಲಾರಿ ಯಾವುದ್ರೀ?”

“ನಂಗೇನು ಗೊತ್ತು? ಕೊನೇಲಿ ಅಲ್ಲಿಂದ ಹೊರಗೆ ಹೋದದ್ದು ಏನು?”

ಹೊರಗೆ ಹೋದದ್ದು ಹಡಗು. 1783ರ ಕೊನೆಯಲ್ಲಿ ನ್ಯೂಯಾರ್ಕ್ ಬಂದರಿನಿಂದ ಬ್ರಿಟಿಷರ ಕೊನೆಯ ಹಡಗುಗಳು ಹೊರಟವು. ಸೋಮವಾರ ಬೆಳಿಗ್ಗೆ ನಾನು ಹೆಡ್‌ಗೆ ಹೇಳದೆ, ಕೇಳದೆ ಹಳೆಯ ಚೌಕಟ್ಟನ್ನೇ ಎಸೆದೆ. ಪಾಠ ಆ ಹಡಗುಗಳಿಂದ ಶುರುವಾಗಲಿ, ಅಲ್ಲಿಂದ ಹಿಂದಕ್ಕೆ ನಡೆಯಲಿ ಎಂದು ತೀರ್ಮಾನಿಸಿದೆ. ಗಡುವಿಗೆ ಸ್ವಲ್ಪವೇ ಸಮಯ ಇದ್ದಾಗ ಇಂಥ ಕೆಲಸ ಮಾಡುವುದು ಹುಚ್ಚು. ಭಾಯಿಸಾಬ್ ‘ಆಗಲ್ಲ’ ಎನ್ನುತ್ತಾರೆಂದು ಕಾದೆ. ಅವರು ತಲೆ ಕೆರೆದುಕೊಂಡು, “ಹಡಗಿಗೆ ಎಷ್ಟು ಹಾಯಿಪಟ?” ಎಂದು ಕೇಳಿದರು.

ಹಿಂದಕ್ಕೆ ನಡೆದಂತೆ ಎಲ್ಲ ಬಿಡಿಸಿಕೊಳ್ಳತೊಡಗಿತು. ಹಡಗು ಹೊರಟಿದ್ದು ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿದ್ದರಿಂದ. ಒಪ್ಪಂದದ ಮಾತುಕತೆಗೆ ಕೂತಿದ್ದು ಲಂಡನ್ನಿನ ಸಂಸತ್ತು ಈ ಯುದ್ಧ ಸಾಕು ಎಂದು ಮತ ಹಾಕಿದ್ದರಿಂದ. ಸಂಸತ್ತಿಗೆ ಸಾಕಾಗಿದ್ದು ಯಾರ್ಕ್‌ಟೌನ್ ಒಂದರಿಂದಲ್ಲ. ಆ ಹೊತ್ತಿಗೆ ಫ್ರಾನ್ಸ್, ಸ್ಪೇನ್ ಎಲ್ಲ ಎದುರು ಬಿದ್ದು ಬ್ರಿಟಿಷರು ಸಮುದ್ರ ಸಮುದ್ರಗಳಲ್ಲಿ ಹೊಡೆದಾಡುತ್ತಿದ್ದರು, ಖಜಾನೆ ಬರಿದಾಗುತ್ತಿತ್ತು. ಅಮೆರಿಕದವರು ಬ್ರಿಟಿಷರನ್ನು ಒಂದೇ ಏಟಿಗೆ ಓಡಿಸಲಿಲ್ಲ. ಬ್ರಿಟಿಷರಿಗೆ ಸಾಕಾಗುವವರೆಗೂ ಮುಗಿದುಹೋಗದೆ ನಿಂತರು, ಜೊತೆಗೆ ನಿಲ್ಲುವವರನ್ನು ಹುಡುಕಿಕೊಂಡರು. ಭಾಯಿಸಾಬರ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತು. ಹೇಳಿದಾಗ ಅವರು, “ಇದನ್ನ ಮೊದಲೇ ಹೇಳಬಾರದಾ?” ಎಂದರು.

ನಕ್ಷೆ ಅಮೆರಿಕದಿಂದ ಹೊರಗೆ ಬೆಳೆಯಿತು. ಬೆಳೆದು ನಮ್ಮ ಕರಾವಳಿಗೂ ಬಂತು. ಯುರೋಪಿನಲ್ಲಿ ರಾಜಿಯಾಗಿ ತಿಂಗಳುಗಳೇ ಕಳೆದಿದ್ದರೂ, ಸುದ್ದಿ ತರುವ ಹಡಗು ಬಾರದೆ 1783ರ ಜೂನಿನಲ್ಲಿ ಪೂರ್ವ ಕರಾವಳಿಯ ಕಡಲೂರಿನಲ್ಲಿ ಫ್ರೆಂಚರೂ ಇಂಗ್ಲಿಷರೂ ಕಾದಾಡಿ ಸತ್ತರು. ಸುದ್ದಿ ಮುಟ್ಟಿದ ಮೇಲೆ ಫ್ರೆಂಚರು ಕೈ ಬಿಟ್ಟರು. ಇಂಗ್ಲಿಷರ ಕೈಯಲ್ಲಿದ್ದ ಮಂಗಳೂರಿನ ಕೋಟೆಯನ್ನು ಮೈಸೂರು ಸೈನ್ಯದ ಜೊತೆ ಸೇರಿ ಮುತ್ತಿದ್ದ ಫ್ರೆಂಚ್ ತುಕಡಿಯೂ ಪಕ್ಕಕ್ಕೆ ಸರಿಯಿತು, ಮೈಸೂರಿನವರು ಮಾತ್ರ ಉಳಿದರು. ಅಮೆರಿಕದ ಪಾಠದಲ್ಲಿ ಮಂಗಳೂರು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಭಾಗವನ್ನು ಒಂದೇ ಸಲ ಕೂತು ಬರೆದೆ.

ಹೆಡ್ ಅದನ್ನು ನೋಡಿ ಹೌಹಾರಿದರು. “ಅಯ್ಯೋ, ಮೈಸೂರು ಶ್ರೀರಂಗಪಟ್ಟಣ ಅಂತ ಎಳೀಬೇಡಮ್ಮ. ಹೊಗಳಿದ್ರೆ ಒಬ್ಬ ಎದ್ದು ನಿಲ್ತಾನೆ, ಬೈದ್ರೆ ಇನ್ನೊಬ್ಬ. ನಮಗ್ಯಾಕೆ?” ಕರಡು ಕಳಿಸಿದಾಗ ಪರಿಶೀಲಕಿಗೆ ಅದು ಇಷ್ಟವಾಯಿತು, ಆದರೆ ಪಾಠ ನಿಗದಿತ ಅವಧಿ ಮೀರಿತ್ತು. ಒಂದನ್ನು ಕತ್ತರಿಸಬೇಕು, ಯಾವುದೆಂದು ನೀವೇ ಆರಿಸಿ ಎಂದರು. ಒಂದು ಕಡೆ ಮಂಗಳೂರು. ಇನ್ನೊಂದು ಕಡೆ ನ್ಯೂಯಾರ್ಕಿನ ಹಡಗುಗಳಲ್ಲಿ ಇದ್ದವರ ಬಗ್ಗೆ ಬರೆದಿದ್ದ ಭಾಗ. ಅವುಗಳಲ್ಲಿ ಸೈನಿಕರಷ್ಟೇ ಇರಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬ್ರಿಟಿಷರ ಕಡೆ ಬಂದಿದ್ದ ಸಾವಿರಾರು ಕಪ್ಪು ಜನ ಆ ವರ್ಷ ಬ್ರಿಟಿಷ್ ಹಡಗು ಹತ್ತಿದ್ದರು. ಗೆದ್ದವರು ಅವರನ್ನು ವಾಪಸ್ ಕೊಡಿ ಎಂದು ಕೇಳುತ್ತಿದ್ದರು. ಸ್ವಾತಂತ್ರ್ಯ ಯುದ್ಧ ಗೆದ್ದ ನೆಲದಿಂದ ಸ್ವಾತಂತ್ರ್ಯಕ್ಕಾಗಿ ಹೊರಟವರು ಅವರು.

ನಾನು ಮಂಗಳೂರನ್ನು ಕತ್ತರಿಸಿದೆ. ಅದು ಸರಿಯಾದ ಆಯ್ಕೆ ಎಂದು ಈಗಲೂ ಅನ್ನಿಸುತ್ತದೆ, ಆದರೆ ಅವತ್ತು ಹೊಟ್ಟೆ ಉರಿಯಿತು. ಹೆಡ್ ‘ಒಳ್ಳೇದಾಯ್ತು’ ಎಂದಾಗ ಇನ್ನೂ ಉರಿಯಿತು. ಭಾಯಿಸಾಬ್ ಕರಾವಳಿಯ ಪದರವನ್ನು ತೆಗೆದುಹಾಕಿ, ಉಳಿದ ಸಮಯವನ್ನು ನ್ಯೂಯಾರ್ಕಿಗೆ ಹಂಚಿದರು. ಹಡಗುಗಳ ಮೇಲೆ ನಿಂತ ಸಣ್ಣ ಸಣ್ಣ ಆಕೃತಿಗಳನ್ನು ಅವರು ಒಂದೊಂದಾಗಿ ಬಿಡಿಸಿದರು. ನಕಲು ಮಾಡಿ ಅಂಟಿಸಿದರೆ ಸಾಕು ಎಂದು ನಾನೇ ಹೇಳಿದರೂ ಕೇಳಲಿಲ್ಲ. ಆ ವಾರ ಅವರ ಬಾಯಿಂದ ‘ಆಗಲ್ಲ’ ಎಂಬ ಮಾತು ಒಮ್ಮೆಯೂ ಬರಲಿಲ್ಲ, ಅದು ನನಗೆ ಅಭ್ಯಾಸವಿಲ್ಲದೆ ಕಸಿವಿಸಿಯಾಯಿತು.

ಮೂರನೇ ಆವೃತ್ತಿ ಹೋಯಿತು. ಪರಿಶೀಲಕಿಯ ಉತ್ತರ ಚಿಕ್ಕದಾಗಿತ್ತು. ಪಾಠ ಸ್ವೀಕೃತ, ತಿದ್ದುಪಡಿ ಏನೂ ಇಲ್ಲ, ನಕ್ಷೆ ಮಾಡಿದವರಿಗೆ ತಮ್ಮ ಅಭಿನಂದನೆ ತಿಳಿಸಬೇಕು. ನಾನು ಅದನ್ನು ಭಾಯಿಸಾಬರಿಗೆ ಓದಿ ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಮನೆಗೆ ಫೋನ್ ಹಚ್ಚಿ, “ಪಾಸ್ ಆಯ್ತು. ಇನ್ನು ಚಿಂತೆ ಇಲ್ಲ,” ಎಂದರು.

ಮಧ್ಯಾಹ್ನ ಹೆಡ್ ಇಬ್ಬರನ್ನೂ ಕರೆದರು. ಮೇಜಿನ ಮೇಲೆ ಕಾಜೂ ಬರ್ಫಿಯ ಡಬ್ಬಿ ತೆರೆದಿತ್ತು. ಎದ್ದು ಬಂದು ಭಾಯಿಸಾಬರ ಬೆನ್ನು ತಟ್ಟಿ, ಅವರ ಕೈಗೆ ತಾವೇ ಎರಡು ತುಂಡು ಇಟ್ಟು, ಹಿಂದಿಯಲ್ಲಿ “ಶಾಬಾಶ್, ನಮ್ಮ ಮರ್ಯಾದೆ ಉಳಿಸಿದ್ರಿ” ಎಂದರು. ಆಮೇಲೆ ಅದೇ ನಗುವಿನಲ್ಲಿ ನನ್ನ ಕಡೆ ತಿರುಗಿದರು.

“ಇವರದ್ದು ಈ ತಿಂಗಳಿಗೆ ಮುಗೀತಮ್ಮ. ಮುಂದಿನ ಪಾಠಗಳಿಗೆ ನಕ್ಷೆ ಅಮೆರಿಕದವರು ತಮ್ಮ ಸಾಫ್ಟ್‌ವೇರಲ್ಲೇ ಮಾಡ್ಕೊಳ್ತಾರಂತೆ, ನಾವು ಬರವಣಿಗೆ ಮಾತ್ರ ಕೊಡೋದು. ಸರಣಿ ನಮ್ಮಲ್ಲೇ ಇರತ್ತೆ, ನಿಂಗೇನೂ ತೊಂದರೆ ಇಲ್ಲ. ಇವತ್ತು ಬೇಡ, ನಿಧಾನಕ್ಕೆ ನೀನೇ ಹೇಳು. ನಿನ್ನ ಮಾತು ಕೇಳ್ತಾರೆ.”

“ಯಾವಾಗ ತೀರ್ಮಾನ ಆಯ್ತು ಸರ್?” ನಾನೂ ಕನ್ನಡದಲ್ಲಿಯೇ ಕೇಳಿದೆ.

“ಎರಡನೇ ಸಲ ವಾಪಸ್ ಬಂತಲ್ಲ, ಆಗಲೇ. ಇಷ್ಟಕ್ಕಾದ್ರೂ ಮೇಲಿನವರನ್ನ ಒಪ್ಪಿಸೋಕೆ ನಾನು ಪಟ್ಟ ಪಾಡು ನಂಗೆ ಗೊತ್ತು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೆಲಸ ಮುಗೀತಿತ್ತಾ?”

ಭಾಯಿಸಾಬ್ ಬರ್ಫಿ ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನೂ ನೋಡುತ್ತಾ, ಹೊಗಳಿಕೆ ಮುಗಿಯಲೆಂದು ವಿನಯದಿಂದ ಕಾಯುತ್ತಿದ್ದರು.

“ಮೇಡಂಜೀ, ಸರ್ ಏನಂದ್ರು?”

ಹೆಡ್ ಕಣ್ಣಲ್ಲಿಯೇ ಬೇಡ ಎಂದರು. ಹೇಳದಿರುವುದು ಸುಲಭವಿತ್ತು, ಹೊರಗೆ ಹೋಗಿ ‘ನಿಮ್ಮನ್ನ ಹೊಗಳಿದ್ರು’ ಎಂದರೆ ಆ ದಿನ ಕಳೆದುಹೋಗುತ್ತಿತ್ತು. ನಾನು ಹಿಂದಿಯಲ್ಲಿ, ಹೆಡ್‌ಗೂ ಕೇಳುವ ಹಾಗೆ, ಅವರು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಬಿಡದೆ ಹೇಳಿದೆ. ನನಗೇನೂ ತೊಂದರೆ ಇಲ್ಲ ಎಂದಿದ್ದನ್ನೂ ಹೇಳಿದೆ.

ಭಾಯಿಸಾಬ್ ಹೆಡ್‌ ಕಡೆ ನೋಡಿದರು. ಹೆಡ್ ಫೋನ್ ತೆಗೆದುಕೊಂಡು ಅದರಲ್ಲಿ ಏನನ್ನೋ ಹುಡುಕತೊಡಗಿದರು. ಆಮೇಲೆ ಭಾಯಿಸಾಬ್ ನನ್ನ ಕಡೆ ತಿರುಗಿದರು. ದನಿಯಲ್ಲಿ ಜಗಳ ಇರಲಿಲ್ಲ.

“ಅಂದ್ರೆ, ನಾನು ಆ ಹಡಗಿನ ಮೇಲೆ ಜನರನ್ನ ಬಿಡಿಸ್ತಿದ್ದಾಗ, ನಂದು ಆಗಲೇ ಮುಗಿದಿತ್ತಾ?”

“ಹೌದು ಭಾಯಿಸಾಬ್,” ಎಂದೆ. “ಮುಗಿದಿತ್ತು.”